ನೆಗೆಟಿವ್ ಸ್ಕ್ಯಾನಿಂಗ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಫಿಲ್ಮ್ ನೆಗೆಟಿವ್‌ಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡಿಕೊಳ್ಳುವ ಬಗ್ಗೆ ಓದುಗರಿಂದ ಬಂದ ಪತ್ರಗಳು ಸಾಕಷ್ಟು ಸಂಗ್ರಹವಾಗಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಯಾವ ಯಂತ್ರ ಕೊಳ್ಳಬೇಕು ಎಂಬ ಪ್ರಶ್ನೆಯೇ ಹೆಚ್ಚಿನ ಪತ್ರಗಳಲ್ಲಿದೆ. ಆದರೆ ಯಂತ್ರ ಯಾವುದೇ ಆಗಿರಲಿ, ಚಿತ್ರದ ಗುಣಮಟ್ಟ ಬಹುಪಾಲು ನಿರ್ಧಾರವಾಗುವುದು ಸ್ಕ್ಯಾನ್ ಗುಂಡಿಯನ್ನು ಒತ್ತುವ ಮೊದಲೇ. ಫಿಲ್ಮ್ ಎಷ್ಟು ಶುದ್ಧವಾಗಿದೆ, ಎಷ್ಟು ಸಪಾಟಾಗಿದೆ, ಫೋಕಸ್ ಎಲ್ಲಿ ಕೂತಿದೆ, ತಂತ್ರಾಂಶಕ್ಕೆ ಎಷ್ಟನ್ನು ಬಿಟ್ಟುಕೊಟ್ಟಿದ್ದೇವೆ ಎಂಬುದರ ಮೇಲೆ ಅದು ನಿಂತಿದೆ. ಕೆಳಗಿನ ಉತ್ತರಗಳಲ್ಲಿ ಈ ಸಂಗತಿಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಫಿಲ್ಮ್ ಸ್ಕ್ಯಾನ್ ಮಾಡುವ ಸೌಲಭ್ಯವಿರುವ ಫ್ಲಾಟ್‌ಬೆಡ್ ಸ್ಕ್ಯಾನರ್ ಕೊಂಡಿದ್ದೇನೆ. ಪೆಟ್ಟಿಗೆಯ ಮೇಲೆ 6400 ಡಿಪಿಐ ಎಂದು ಬರೆದಿದೆ. ಅದೇ ಅಳತೆಯಲ್ಲಿ 35 ಎಂ.ಎಂ. ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿದರೆ ಫೈಲು ಬೃಹತ್ತಾಗುತ್ತದೆ, ಚಿತ್ರ ಮಾತ್ರ ಮಸುಕಾಗಿಯೇ ಇರುತ್ತದೆ. ಸ್ಕ್ಯಾನರ್‌ನಲ್ಲಿ ದೋಷವಿದೆಯೇ?
— ಓದುಗರು, ಧಾರವಾಡ

ಉತ್ತರ: ದೋಷವಿರುವ ಸಾಧ್ಯತೆ ಕಡಿಮೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯು ಸೆನ್ಸರ್ ಒಂದು ಇಂಚಿನಲ್ಲಿ ಎಷ್ಟು ಬಿಂದುಗಳನ್ನು ದಾಖಲಿಸುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು, ಒಳಗಿನ ಮಸೂರವು ಅಷ್ಟು ಸೂಕ್ಷ್ಮ ವಿವರವನ್ನು ಬಿಡಿಸಿ ತೋರಿಸಬಲ್ಲದೇ ಎಂಬುದನ್ನು ಹೇಳುವುದಿಲ್ಲ. ಮನೆಬಳಕೆಯ ಫ್ಲಾಟ್‌ಬೆಡ್‌ಗಳು ಪರೀಕ್ಷಾ ಪಟ್ಟಿಯ ಮೇಲೆ ನಿಜವಾಗಿ ಬಿಡಿಸಿ ತೋರಿಸುವುದು ಸುಮಾರು 1500ರಿಂದ 2500 ಡಿಪಿಐಯಷ್ಟು ವಿವರವನ್ನು ಮಾತ್ರ. 35 ಎಂ.ಎಂ. ಫಿಲ್ಮಿಗೆಂದೇ ತಯಾರಾದ ಸ್ಕ್ಯಾನರ್‌ಗಳಲ್ಲಿ ಒಳ್ಳೆಯವು ಮೂರು ಸಾವಿರವನ್ನು ದಾಟುತ್ತವೆ.

ಲೆಕ್ಕ ಹಾಕಿ ನೋಡಿ. 35 ಎಂ.ಎಂ. ಫಿಲ್ಮಿನ ಒಂದು ಫ್ರೇಮು 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ ಇರುತ್ತದೆ. 6400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 55 ಮೆಗಾಪಿಕ್ಸೆಲ್ ಚಿತ್ರ ಬರುತ್ತದೆ. 16 ಬಿಟ್ ಬಣ್ಣದಲ್ಲಿ ಉಳಿಸಿದರೆ ಒಂದೇ ಫ್ರೇಮು 300 ಎಂಬಿ ಮೀರುತ್ತದೆ. 2400 ಡಿಪಿಐಯಲ್ಲಿ ಅದೇ ಫ್ರೇಮು ಸುಮಾರು 3400 × 2270 ಪಿಕ್ಸೆಲ್, ಅಂದರೆ ಎಂಟು ಮೆಗಾಪಿಕ್ಸೆಲ್‌ಗೆ ಹತ್ತಿರ ಬರುತ್ತದೆ. ಇಷ್ಟರಿಂದಲೇ 11 ಇಂಚು ಉದ್ದದ, ಏಳೂವರೆ ಇಂಚು ಅಗಲದ ಅಚ್ಚುಕಟ್ಟಾದ ಪ್ರಿಂಟ್ ಹಾಕಿಸಬಹುದು. ಆದ್ದರಿಂದ ನಿಮ್ಮ ಸ್ಕ್ಯಾನರ್‌ನಲ್ಲಿ 2400 ಅಥವಾ 3200ಕ್ಕಿಂತ ಮೇಲೆ ಹೋಗುವುದರಿಂದ ಸಮಯ ಮತ್ತು ಡಿಸ್ಕ್‌ನ ಜಾಗ ಖರ್ಚಾಗುತ್ತದೆ, ವಿವರ ಹೆಚ್ಚುವುದಿಲ್ಲ.

ಮಸುಕಿಗೆ ಇನ್ನೊಂದು ಕಾರಣವಿದೆ, ಇದನ್ನು ಸರಿಪಡಿಸುವುದು ನಿಮ್ಮ ಕೈಯಲ್ಲೇ ಇದೆ. ಹೆಚ್ಚಿನ ಫ್ಲಾಟ್‌ಬೆಡ್‌ಗಳ ಫೋಕಸ್ ಸ್ಥಿರವಾಗಿರುತ್ತದೆ. ಗಾಜಿನಿಂದ ಕೆಲವು ಮಿಲಿಮೀಟರ್ ಮೇಲಿರುವ ಒಂದು ನಿರ್ದಿಷ್ಟ ಎತ್ತರದಲ್ಲಿ ಮಾತ್ರ ಚಿತ್ರ ಅತ್ಯಂತ ಸ್ಪಷ್ಟವಾಗಿ ಮೂಡುತ್ತದೆ. ಆ ಎತ್ತರ ಒಂದೇ ಮಾದರಿಯ ಎರಡು ಯಂತ್ರಗಳಲ್ಲೂ ಸ್ವಲ್ಪ ಬೇರೆಯಾಗಿರಬಹುದು. ಒಳ್ಳೆಯ ಫೋಕಸ್‌ನಲ್ಲಿ ತೆಗೆದ, ಸಪಾಟಾಗಿರುವ ಒಂದು ನೆಗೆಟಿವನ್ನು ಹೋಲ್ಡರಿಗೆ, ಅಂದರೆ ಫಿಲ್ಮನ್ನು ಹಿಡಿದಿಡುವ ಚೌಕಟ್ಟಿಗೆ, ಹಾಕಿ ಒಮ್ಮೆ ಸ್ಕ್ಯಾನ್ ಮಾಡಿ. ಅನಂತರ ಸಾಧಾರಣ ಬರೆಯುವ ಕಾಗದವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಹೋಲ್ಡರಿನ ನಾಲ್ಕೂ ಮೂಲೆಗಳ ಕೆಳಗೆ ಎರಡೆರಡು ಇಟ್ಟು ಮತ್ತೆ ಸ್ಕ್ಯಾನ್ ಮಾಡಿ. ಬಳಿಕ ನಾಲ್ಕು, ಆರು ಎಂದು ಏರಿಸುತ್ತಾ ಹೋಗಿ. ಒಂದು ಹಾಳೆಯ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವುದರಿಂದ ಎತ್ತರವನ್ನು ತೀರಾ ಸಣ್ಣ ಹೆಜ್ಜೆಗಳಲ್ಲಿ ಬದಲಾಯಿಸಲು ಇದು ಅನುಕೂಲ. ಎಲ್ಲ ಸ್ಕ್ಯಾನ್‌ಗಳನ್ನೂ ಪರದೆಯ ಮೇಲೆ ಶೇ 100ರ ಗಾತ್ರದಲ್ಲಿ ತೆರೆದು ಕಣ್ಣಿನ ರೆಪ್ಪೆ, ಸೀರೆಯ ಅಂಚು, ಗೋಡೆಯ ಬಿರುಕುಗಳಂತಹ ಸೂಕ್ಷ್ಮ ವಿವರವನ್ನು ಹೋಲಿಸಿ ನೋಡಿದರೆ ಯಾವ ಎತ್ತರ ಸರಿ ಎಂಬುದು ತಾನಾಗಿ ತಿಳಿಯುತ್ತದೆ. ಆ ಎತ್ತರಕ್ಕೆ ಕಾಗದವನ್ನು ಅಂಟಿಸಿಬಿಟ್ಟರೆ ಈ ಕೆಲಸ ಮತ್ತೆ ಮಾಡಬೇಕಾಗಿಲ್ಲ.

ಸುರುಳಿಯಾಗಿ ಬಾಗಿರುವ ಫಿಲ್ಮಿನ ನಡುಭಾಗ ಒಂದು ಎತ್ತರದಲ್ಲೂ ಅಂಚು ಇನ್ನೊಂದು ಎತ್ತರದಲ್ಲೂ ನಿಲ್ಲುವುದರಿಂದ ಎಷ್ಟು ಹೊಂದಿಸಿದರೂ ಪೂರ್ತಿ ಚಿತ್ರ ಸ್ಪಷ್ಟವಾಗುವುದಿಲ್ಲ. ಅಂತಹ ಪಟ್ಟಿಗಳನ್ನು ಕವರಿನೊಳಗಿಟ್ಟು ದಪ್ಪ ಪುಸ್ತಕಗಳ ಕೆಳಗೆ ಕೆಲವು ದಿನ ಇಡಿ. ಬಾಗುವಿಕೆ ತಪ್ಪಿಸಲೆಂದು ಫಿಲ್ಮನ್ನು ನೇರವಾಗಿ ಗಾಜಿನ ಮೇಲೆ ಒತ್ತಿಡಬೇಡಿ. ಹೊಳೆಯುವ ಎರಡು ಮೈಗಳು ಒಂದಕ್ಕೊಂದು ತಾಗಿದ ಕಡೆ ನ್ಯೂಟನ್ ಉಂಗುರಗಳು ಎಂದು ಕರೆಯುವ ಕಾಮನಬಿಲ್ಲಿನ ಬಣ್ಣದ ವರ್ತುಲಗಳು ಮೂಡುತ್ತವೆ, ಮತ್ತು ಅವನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ. ಗಾಜು ಬೇಕೇ ಬೇಕೆನಿಸಿದರೆ ಈ ಉಂಗುರಗಳನ್ನು ತಡೆಯಲೆಂದೇ ಮೈಯನ್ನು ಸ್ವಲ್ಪ ಒರಟಾಗಿಸಿದ ಗಾಜು ಸಿಗುತ್ತದೆ.

ಇನ್ನೆರಡು ಸಣ್ಣ ಸಂಗತಿಗಳು. ಫಿಲ್ಮ್ ಸ್ಕ್ಯಾನ್ ಮಾಡುವಾಗ ಮುಚ್ಚಳದ ಒಳಗಿನ ಬಿಳಿಯ ಹಲಗೆಯನ್ನು ತೆಗೆದಿರಬೇಕು, ಏಕೆಂದರೆ ಬೆಳಕು ಮೇಲಿನಿಂದ ಫಿಲ್ಮಿನ ಮೂಲಕ ಹಾದು ಬರಬೇಕು. ಹೋಲ್ಡರಿನ ಒಂದು ತುದಿಯಲ್ಲಿರುವ ಖಾಲಿ ಕಿಂಡಿಯನ್ನು ಯಾವುದರಿಂದಲೂ ಮುಚ್ಚಬಾರದು. ಸ್ಕ್ಯಾನರ್ ತನ್ನ ಬೆಳಕನ್ನು ಅಳೆದುಕೊಳ್ಳುವುದು ಅಲ್ಲಿಯೇ. ಆ ಜಾಗದಲ್ಲಿ ಒಂದು ಧೂಳಿನ ಕಣ ಕೂತರೂ ಚಿತ್ರದ ಉದ್ದಕ್ಕೂ ಗೆರೆ ಬೀಳುತ್ತದೆ.

ಪ್ರಶ್ನೆ: ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಅಂಗಡಿಯ ಬೋರ್ಡಿನ ಅಕ್ಷರಗಳು ತಿರುಗುಮುರುಗಾಗಿ ಬಂದಿವೆ. ಫಿಲ್ಮನ್ನು ಯಾವ ಮಗ್ಗುಲಾಗಿ ಇಡಬೇಕು?
— ಓದುಗರು, ಹಾಸನ

ಉತ್ತರ: ಫಿಲ್ಮನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮೈ ಮಂಕಾಗಿ ಕಾಣುತ್ತದೆ. ಮಂಕಾಗಿರುವುದೇ ಚಿತ್ರವಿರುವ ಎಮಲ್ಷನ್ ಮೈ. ಅಂಚಿನಲ್ಲಿ ಮುದ್ರಿತವಾಗಿರುವ ಕಂಪನಿಯ ಹೆಸರು ಮತ್ತು ಫ್ರೇಮಿನ ಸಂಖ್ಯೆ ಹೊಳೆಯುವ ಮೈಯ ಕಡೆಯಿಂದ ನೋಡಿದಾಗ ನೇರವಾಗಿ ಓದಿಬರುತ್ತವೆ. ಯಂತ್ರದ ಕೈಪಿಡಿ ಹೇಳಿದ ಮಗ್ಗುಲಾಗಿ ಇಡಿ. ತಪ್ಪಿದ್ದರೂ ಮತ್ತೆ ಸ್ಕ್ಯಾನ್ ಮಾಡಬೇಕಾಗಿಲ್ಲ, ತಂತ್ರಾಂಶದಲ್ಲಿ ಎಡಬಲ ತಿರುಗಿಸಿದರೆ ಸಾಕು.

ಪ್ರಶ್ನೆ: ನಮ್ಮ ಮದುವೆಯ ಹಾಗೂ ಮಕ್ಕಳ ಬಾಲ್ಯದ ಕಲರ್ ನೆಗೆಟಿವ್‌ಗಳು ಕಿತ್ತಳೆ ಬಣ್ಣದಲ್ಲಿವೆ. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಿದರೆ ಇಡೀ ಚಿತ್ರ ನೀಲಿಯಾಗುತ್ತದೆ. ಸ್ಕ್ಯಾನರ್ ತಂತ್ರಾಂಶವೇ ತಿರುಗಿಸಿದರೆ ಒಂದು ಫ್ರೇಮು ಹಸಿರು, ಮುಂದಿನದು ಕೆಂಪು. ಹಿಂದೆ ಲ್ಯಾಬಿನಲ್ಲಿ ಹಾಕಿಸಿದ ಪ್ರಿಂಟುಗಳು ಇವೇ ನೆಗೆಟಿವ್‌ಗಳಿಂದ ಎಷ್ಟು ಚೆನ್ನಾಗಿ ಬಂದಿದ್ದವು!
— ಓದುಗರು, ಮೈಸೂರು

ಉತ್ತರ: ಮಾನ್ಯರೇ, ನಿಮ್ಮ ನೆಗೆಟಿವ್‌ಗಳಲ್ಲಿ ಆ ಬಣ್ಣಗಳು ಇನ್ನೂ ಇವೆ ಎಂಬ ಭರವಸೆಯಿಂದಲೇ ಆರಂಭಿಸುತ್ತೇನೆ. ಅವನ್ನು ಹೊರತೆಗೆಯಲು ಕಿತ್ತಳೆ ಬಣ್ಣ ಅಲ್ಲಿ ಏಕಿದೆ ಎಂಬುದನ್ನು ಮೊದಲು ತಿಳಿಯಬೇಕು.

ಕಲರ್ ನೆಗೆಟಿವ್‌ನಲ್ಲಿ ಚಿತ್ರವನ್ನು ಕಟ್ಟುವುದು ಮೂರು ಪದರಗಳಲ್ಲಿರುವ ಸಯಾನ್, ಮಜೆಂಟಾ ಮತ್ತು ಹಳದಿ ವರ್ಣದ್ರವ್ಯಗಳು. ಇವುಗಳಲ್ಲಿ ಮೊದಲ ಎರಡು ಅಷ್ಟು ಶುದ್ಧವಲ್ಲ. ಮಜೆಂಟಾ ದ್ರವ್ಯ ಹಸಿರು ಬೆಳಕನ್ನು ಮಾತ್ರ ತಡೆಯಬೇಕಾದದ್ದು ಸ್ವಲ್ಪ ನೀಲಿಯನ್ನೂ ತಡೆಯುತ್ತದೆ. ಸಯಾನ್ ದ್ರವ್ಯ ಕೆಂಪಿನ ಜೊತೆಗೆ ಸ್ವಲ್ಪ ಹಸಿರು ಮತ್ತು ನೀಲಿಯನ್ನೂ ತಡೆಯುತ್ತದೆ. ಹಾಗೆಯೇ ಬಿಟ್ಟರೆ ಪ್ರಿಂಟಿನ ಬಣ್ಣಗಳು ಕಲುಷಿತವಾಗುತ್ತವೆ. ಇದಕ್ಕೆ ಫಿಲ್ಮ್ ತಯಾರಕರು ಕಂಡುಕೊಂಡ ಪರಿಹಾರ ಬಹಳ ಜಾಣತನದ್ದು. ವರ್ಣದ್ರವ್ಯವನ್ನು ಹುಟ್ಟಿಸುವ ರಾಸಾಯನಿಕಕ್ಕೇ ಅವರು ಮೊದಲೇ ತುಸು ಬಣ್ಣ ಕೊಟ್ಟರು. ಡೆವಲಪ್ ಆಗುವಾಗ ವರ್ಣದ್ರವ್ಯ ಎಲ್ಲಿ ಹೆಚ್ಚು ಹುಟ್ಟುತ್ತದೆಯೋ ಅಲ್ಲಿ ಆ ಮೂಲ ಬಣ್ಣ ಕಡಿಮೆಯಾಗುತ್ತದೆ, ಎಲ್ಲಿ ಹುಟ್ಟುವುದಿಲ್ಲವೋ ಅಲ್ಲಿ ಹಾಗೆಯೇ ಉಳಿಯುತ್ತದೆ. ಬೇಡವಾದ ತಡೆ ಮತ್ತು ಉಳಿದ ಬಣ್ಣ ಎರಡೂ ಸೇರಿ ಇಡೀ ಫಿಲ್ಮಿನ ಮೇಲೆ ಒಂದೇ ಸಮನಾದ ಕಿತ್ತಳೆ ಪರದೆಯಾಗುತ್ತವೆ. ಸಮನಾಗಿರುವುದರಿಂದಲೇ ಅದನ್ನು ಸುಲಭವಾಗಿ ಕಳೆಯಬಹುದು, ಮತ್ತು ಲ್ಯಾಬಿನ ಪ್ರಿಂಟ್ ಕಾಗದವನ್ನು ಈ ಕಿತ್ತಳೆಗೆ ಹೊಂದುವಂತೆಯೇ ತಯಾರಿಸುತ್ತಿದ್ದರು. 1972ರಲ್ಲಿ ಕೊಡಕ್ ಕಂಪನಿ ಸಿ-41 ವಿಧಾನವನ್ನು ತಂದ ಮೇಲೆ ಇತರ ಕಂಪನಿಗಳ ಕಲರ್ ನೆಗೆಟಿವ್‌ಗಳೂ ಕ್ರಮೇಣ ಅದಕ್ಕೇ ಹೊಂದಿಕೊಂಡವು. ನಮ್ಮ ಊರುಗಳ ಕಲರ್ ಲ್ಯಾಬುಗಳಲ್ಲಿ ತೊಳೆಸಿದ ಬಹುತೇಕ ರೀಲುಗಳು ಈ ವಿಧಾನದವೇ.

ಕಿತ್ತಳೆಯನ್ನು ಕಳೆಯದೆ ಚಿತ್ರವನ್ನು ತಿರುಗಿಸಿದರೆ ಅದರ ವಿರುದ್ಧ ಬಣ್ಣವಾದ ನೀಲಿ ಎಲ್ಲೆಡೆ ಹರಡುತ್ತದೆ. ನಿಮಗೆ ಕಂಡ ನೀಲಿ ಇದೇ. ಫ್ರೇಮಿನಿಂದ ಫ್ರೇಮಿಗೆ ಬಣ್ಣ ಬದಲಾಗಲು ಕಾರಣ ಬೇರೆ: ಸ್ವಯಂಚಾಲಿತ ಹೊಂದಾಣಿಕೆಯು ಪ್ರತಿ ಫ್ರೇಮನ್ನೂ ಪ್ರತ್ಯೇಕವಾಗಿ ಅಳೆದು ಸರಾಸರಿಯನ್ನು ಬೂದು ಬಣ್ಣಕ್ಕೆ ತರಲು ಯತ್ನಿಸುತ್ತದೆ. ಮಗುವಿನ ಹಿಂದೆ ಇಡೀ ಹಸಿರು ಹುಲ್ಲು ಇದ್ದರೆ ತಂತ್ರಾಂಶ ಅದನ್ನು ದೋಷವೆಂದು ತಿಳಿದು ಕೆಂಪು ಕಡೆಗೆ ಎಳೆಯುತ್ತದೆ. ಕೆಂಪು ಧಾರೆ ಸೀರೆ ಚೌಕಟ್ಟನ್ನು ತುಂಬಿದ್ದರೆ ಹಸಿರು ಕಡೆಗೆ ಎಳೆಯುತ್ತದೆ. ಆಯ್ಕೆಯ ಚೌಕಟ್ಟಿನೊಳಗೆ ಹೋಲ್ಡರಿನ ಕಪ್ಪು ಅಂಚು ಅಥವಾ ಫಿಲ್ಮಿನ ಅಂಚಿನ ತೂತುಗಳು ಸೇರಿಕೊಂಡರಂತೂ ಲೆಕ್ಕ ಪೂರ್ತಿ ತಪ್ಪುತ್ತದೆ.

ಹೀಗಾಗಿ ನಾನು ಶಿಫಾರಸು ಮಾಡುವ ಕ್ರಮ ಇದು. ಸ್ವಯಂಚಾಲಿತ ಬಣ್ಣ, ಸ್ವಯಂಚಾಲಿತ ಕಾಂಟ್ರಾಸ್ಟ್, ಶಾರ್ಪ್‌ನೆಸ್ ಎಲ್ಲವನ್ನೂ ನಿಲ್ಲಿಸಿಬಿಡಿ. ಒಂದು ರೀಲಿನಲ್ಲಿ ಚಿತ್ರವೇ ಇಲ್ಲದ ಸ್ವಚ್ಛ ಕಿತ್ತಳೆ ಭಾಗವನ್ನು, ಅಂದರೆ ಎರಡು ಫ್ರೇಮುಗಳ ನಡುವಿನ ಪಟ್ಟಿಯನ್ನು ಅಥವಾ ರೀಲಿನ ತುದಿಯನ್ನು, ಅಳತೆಗೆ ಆರಿಸಿಕೊಳ್ಳಿ. ವ್ಯೂಸ್ಕ್ಯಾನ್ ತಂತ್ರಾಂಶದಲ್ಲಿ ಈ ಭಾಗವನ್ನು ಅಳೆದು ಎಕ್ಸ್‌ಪೋಷರನ್ನೂ ಫಿಲ್ಮಿನ ತಳದ ಬಣ್ಣವನ್ನೂ ಇಡೀ ರೀಲಿಗೆ ಒಂದೇ ಎಂದು ಬಿಗಿಮಾಡುವ ಆಯ್ಕೆಯಿದೆ. ಅಂತಹ ಆಯ್ಕೆ ಇಲ್ಲದ ತಂತ್ರಾಂಶವಾದರೆ ನೆಗೆಟಿವನ್ನು ನೆಗೆಟಿವ್ ಆಗಿಯೇ, ಪಾಸಿಟಿವ್ ಫಿಲ್ಮ್ ಎಂದು ಹೇಳಿ, 16 ಬಿಟ್ ಟಿಫ್ ಫೈಲಾಗಿ ಸ್ಕ್ಯಾನ್ ಮಾಡಿಕೊಂಡು ತಿರುಗಿಸುವ ಕೆಲಸವನ್ನು ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿ ಮಾಡಿ. ಉಚಿತ ತಂತ್ರಾಂಶವಾದ ಡಾರ್ಕ್‌ಟೇಬಲ್‌ನಲ್ಲಿ 2020ರಿಂದ ಇರುವ ನೆಗಾಡಾಕ್ಟರ್ ಎಂಬ ವಿಭಾಗ ಇದಕ್ಕೆಂದೇ ರೂಪುಗೊಂಡದ್ದು. ಕಿತ್ತಳೆ ಭಾಗದ ಮೇಲೆ ಒತ್ತಿ ತೋರಿಸಿದರೆ ಉಳಿದ ಲೆಕ್ಕವನ್ನು ಅಲ್ಲಿಂದ ಮುಂದುವರಿಸುತ್ತದೆ.

ಇಲ್ಲಿ ಹಿಸ್ಟೋಗ್ರಾಮನ್ನು, ಅಂದರೆ ಕತ್ತಲೆಯಿಂದ ಬೆಳಕಿನವರೆಗೆ ಚಿತ್ರದಲ್ಲಿ ಯಾವ ಮಟ್ಟ ಎಷ್ಟಿದೆ ಎಂದು ತೋರಿಸುವ ನಕ್ಷೆಯನ್ನು, ಹತ್ತಿರದಿಂದ ನೋಡುವ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ. ತಿರುಗಿಸದ ನೆಗೆಟಿವ್‌ನ ಹಿಸ್ಟೋಗ್ರಾಮಿನಲ್ಲಿ ಕೆಂಪು, ಹಸಿರು, ನೀಲಿಗಳ ಮೂರು ದಿಬ್ಬಗಳು ಒಂದರ ಮೇಲೊಂದು ಕೂರದೆ ಬೇರೆಬೇರೆಯಾಗಿ ನಿಂತಿರುತ್ತವೆ. ಕೆಂಪು ಬಲಕ್ಕೆ, ಬೆಳಕಿನ ಕಡೆಗೆ, ಹಸಿರು ನಡುವೆ, ನೀಲಿ ಎಡಕ್ಕೆ, ಕತ್ತಲೆಯ ಕಡೆಗೆ ಇಕ್ಕಟ್ಟಾಗಿ. ಕಿತ್ತಳೆ ಪರದೆ ನೀಲಿ ಬೆಳಕನ್ನು ಹೆಚ್ಚು ತಡೆಯುವುದೇ ಇದಕ್ಕೆ ಕಾರಣ, ಮತ್ತು ಸ್ಕ್ಯಾನ್‌ಗಳಲ್ಲಿ ಕಾಣುವ ಕೊಳಕು ಕಣಕಣದ ಗದ್ದಲ ಹೆಚ್ಚಾಗಿ ನೀಲಿ ಚಾನೆಲಿನದೇ ಆಗಿರುತ್ತದೆ. ಮೂರೂ ಚಾನೆಲುಗಳನ್ನು ಒಂದೊಂದಾಗಿ ತೆರೆದು, ಪ್ರತಿಯೊಂದರ ಕಪ್ಪು ತುದಿ ಮತ್ತು ಬಿಳಿ ತುದಿಗಳನ್ನು ಅದರದೇ ದಿಬ್ಬದ ಎರಡು ಬದಿಗೆ ತಂದು ನಿಲ್ಲಿಸಿ. ದಿಬ್ಬವನ್ನು ಕತ್ತರಿಸಬೇಡಿ, ಎರಡು ಕಡೆಯೂ ತುಸು ಜಾಗ ಉಳಿಯಲಿ, ಏಕೆಂದರೆ ಕತ್ತರಿಸಿದ ಭಾಗದ ವಿವರ ಮತ್ತೆ ಬರುವುದಿಲ್ಲ. ತುದಿಗಳು ಸರಿಯಾದ ಮೇಲೆ ಬಣ್ಣದ ಮುಕ್ಕಾಲು ಭಾಗ ತಾನಾಗಿ ಸರಿಹೋಗುತ್ತದೆ. ಉಳಿದದ್ದನ್ನು ಪ್ರತಿ ಚಾನೆಲಿನ ನಡುಭಾಗವನ್ನು ಸ್ವಲ್ಪ ಏರಿಸಿ ಇಳಿಸಿ ತಿದ್ದಬೇಕು.

ತಿದ್ದುವಾಗ ಕಣ್ಣಿಗೆ ಆಧಾರವಾಗಿ ಬಿಳಿ ಪಂಚೆ, ಸಿಮೆಂಟ್ ಗೋಡೆ, ಸ್ಟೀಲ್ ಪಾತ್ರೆಗಳಂತಹ ಬಣ್ಣವಿಲ್ಲದ ವಸ್ತುವನ್ನು ಚಿತ್ರದಲ್ಲಿ ಹುಡುಕಿಕೊಳ್ಳಿ. ಆಲ್ಬಮಿನಲ್ಲಿರುವ ಹಳೆಯ ಪ್ರಿಂಟನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿ, ಆ ಪ್ರಿಂಟಿನ ಬಣ್ಣವೇ ಇಷ್ಟು ವರ್ಷಗಳಲ್ಲಿ ಮಾಸಿರುತ್ತದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರದಲ್ಲಿ ಹಸಿರು ಛಾಯೆ, ಹಳೆಯ ಬಲ್ಬಿನ ಬೆಳಕಿನಲ್ಲಿ ತೆಗೆದದ್ದರಲ್ಲಿ ಹಳದಿ ಛಾಯೆ ಇರುವುದು ಸಹಜ. ಆ ಫಿಲ್ಮುಗಳು ಹಗಲಿನ ಬೆಳಕಿಗೆ ತಯಾರಾದವು. ಅದನ್ನು ಪೂರ್ತಿ ಅಳಿಸಬೇಕೇ ಎಂಬುದು ನಿಮ್ಮ ವಿವೇಚನೆಗೆ ಬಿಟ್ಟದ್ದು. ನನಗಂತೂ ಮದುವೆ ಮಂಟಪದ ಬಲ್ಬುಗಳ ಬೆಚ್ಚನೆಯ ಹಳದಿಯನ್ನು ಸ್ವಲ್ಪವಾದರೂ ಉಳಿಸಿಕೊಳ್ಳುವುದು ಚಿತ್ರಕ್ಕೆ ನ್ಯಾಯವೆನಿಸುತ್ತದೆ. ವರ್ಣದ್ರವ್ಯ ಮಾಸಿದ ತೀರಾ ಹಳೆಯ ನೆಗೆಟಿವ್‌ಗಳಲ್ಲಿ ನೆರಳಿನ ಭಾಗ ಒಂದು ಬಣ್ಣಕ್ಕೂ ಬೆಳಕಿನ ಭಾಗ ಇನ್ನೊಂದು ಬಣ್ಣಕ್ಕೂ ವಾಲಿರುತ್ತದೆ. ಅಂತಹವಕ್ಕೆ ಕರ್ವ್ಸ್ ಸಾಧನದಲ್ಲಿ ನೆರಳು ಮತ್ತು ಬೆಳಕನ್ನು ಬೇರೆಬೇರೆಯಾಗಿ ತಿದ್ದುವುದೊಂದೇ ದಾರಿ.

ಪ್ರಶ್ನೆ: ಕರಾವಳಿಯ ಮಳೆಗಾಲದಿಂದಾಗಿ ನಮ್ಮ ಮನೆಯ ನೆಗೆಟಿವ್‌ಗಳ ಮೇಲೆ ಬೂಷ್ಟು ಬಂದಿದೆ. ನೀರಿನಲ್ಲಿ ತೊಳೆದು ಒಣಗಿಸಬಹುದೇ?
— ಓದುಗರು, ಉಡುಪಿ

ಉತ್ತರ: ದಯವಿಟ್ಟು ನೀರು ಮುಟ್ಟಿಸಬೇಡಿ. ಫಿಲ್ಮಿನ ಎಮಲ್ಷನ್ ಎಂಬುದು ಜೆಲಟಿನ್. ಬೂಷ್ಟಿಗೆ ಅದೇ ಆಹಾರ. ಬೂಷ್ಟು ತಿಂದ ಕಡೆ ಜೆಲಟಿನ್ ನೀರಿನಲ್ಲಿ ಕರಗುವ ಸ್ಥಿತಿಗೆ ಬಂದಿರುತ್ತದೆ. ಒಳ್ಳೆಯ ನೆಗೆಟಿವ್ ನೀರಿನಲ್ಲಿ ನೆನೆದರೂ ಉಳಿದೀತು, ಬೂಷ್ಟು ಹಿಡಿದದ್ದನ್ನು ನೀರಿಗೆ ಹಾಕಿದರೆ ಚಿತ್ರವೇ ಜಾರಿಹೋಗುವ ಅಪಾಯವಿದೆ.

ಮೊದಲು ಬೂಷ್ಟು ಹಿಡಿದವನ್ನು ಉಳಿದವುಗಳಿಂದ ಬೇರ್ಪಡಿಸಿ, ಸಿಲಿಕಾ ಜೆಲ್ ಇರುವ ಡಬ್ಬದಲ್ಲಿಟ್ಟು ತೇವ ಆರಲು ಬಿಡಿ. ಆಮೇಲೆ ಶೇ 98ಕ್ಕಿಂತ ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲನ್ನು ನಾರು ಬಿಡದ ಮೆತ್ತನೆಯ ಬಟ್ಟೆಗೆ ತುಸುವೇ ಹಾಕಿಕೊಂಡು, ಮೊದಲು ಚಿತ್ರವಿಲ್ಲದ ಅಂಚಿನಲ್ಲಿ ಪರೀಕ್ಷಿಸಿ, ತೊಂದರೆ ಕಾಣದಿದ್ದರೆ ಹೊಳೆಯುವ ಮೈಯಿಂದ ಆರಂಭಿಸಿ ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ. ಔಷಧಿ ಅಂಗಡಿಯಲ್ಲಿ ಸಿಗುವ ಶೇ 70ರ ದ್ರಾವಣ ಇದಕ್ಕೆ ಸಲ್ಲದು, ಅದರಲ್ಲಿ ಉಳಿದದ್ದು ನೀರು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ ಅಥವಾ ಒಲೆ ಇರಬಾರದು. ಬೂಷ್ಟು ಈಗಾಗಲೇ ತಿಂದುಹಾಕಿದ ಜಾಗ ಮಾತ್ರ ಹಿಂದಕ್ಕೆ ಬರುವುದಿಲ್ಲ. ಅದನ್ನು ಸ್ಕ್ಯಾನ್ ಆದ ಮೇಲೆ ಕಂಪ್ಯೂಟರಿನಲ್ಲಿಯೇ ತಿದ್ದಬೇಕು. ಒಂದಕ್ಕೊಂದು ಅಂಟಿಕೊಂಡ ನೆಗೆಟಿವ್‌ಗಳನ್ನು ಎಳೆದು ಬಿಡಿಸಬೇಡಿ, ಅದು ಪರಿಣತರ ಕೆಲಸ.

ಬರೀ ಧೂಳಾಗಿದ್ದರೆ ಕೈಯಿಂದ ಹಿಸುಕಿ ಗಾಳಿ ಊದುವ ರಬ್ಬರ್ ಬ್ಲೋವರ್ ಮತ್ತು ಮೆತ್ತನೆಯ ಬ್ರಷ್ ಸಾಕು. ಬಾಯಿಂದ ಊದಿದರೆ ಎಂಜಲಿನ ಹನಿ ಬಿದ್ದು ಶಾಶ್ವತ ಕಲೆಯಾಗುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ಫಿಲ್ಮು ಸ್ಥಿರ ವಿದ್ಯುತ್ತಿನಿಂದ ಧೂಳನ್ನು ಸೆಳೆಯುವುದರಿಂದ ಫ್ಯಾನ್ ಆರಿಸಿ, ನೆಲ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಕೆಲಸಕ್ಕೆ ಕೂರುವುದು ಒಳ್ಳೆಯದು. ಹೋಲ್ಡರಿಗೆ ಹಾಕಿದ ಮೇಲೆ ಮತ್ತೊಮ್ಮೆ ಗಾಳಿ ಊದಿ. ಸ್ಕ್ಯಾನರಿನ ಗಾಜನ್ನೂ ಮರೆಯಬೇಡಿ. ಇಲ್ಲಿ ಕಳೆಯುವ ಒಂದು ನಿಮಿಷ ಕಂಪ್ಯೂಟರಿನ ಮುಂದೆ ಚುಕ್ಕೆ ಅಳಿಸುವ ಅರ್ಧ ಗಂಟೆಯನ್ನು ಉಳಿಸುತ್ತದೆ.

ಸ್ಟುಡಿಯೊದಲ್ಲಿ ತೆಗೆಸಿದ ಹಳೆಯ ದೊಡ್ಡ ನೆಗೆಟಿವ್‌ಗಳ ಬಗ್ಗೆ ಒಂದು ಎಚ್ಚರಿಕೆ. ಮುಖದ ಭಾಗವನ್ನು ಓರೆ ಬೆಳಕಿನಲ್ಲಿ ನೋಡಿದರೆ ಎಮಲ್ಷನ್ ಮೇಲೆ ಕೂದಲಿಗಿಂತ ಸಣ್ಣ ಪೆನ್ಸಿಲ್ ಗೀಟುಗಳು ಕಾಣಬಹುದು. ಅದು ಕೊಳೆಯಲ್ಲ, ಕಲೆ ಮತ್ತು ಸುಕ್ಕುಗಳನ್ನು ಮರೆಮಾಡಲು ಸ್ಟುಡಿಯೊದವರು ಕೈಯಿಂದ ಮಾಡಿದ ಟಚಿಂಗ್. ಒರೆಸಿದರೆ ಆ ಕೈಕೆಲಸ ಹೊರಟುಹೋಗುತ್ತದೆ.

ಪ್ರಶ್ನೆ: ತಂದೆಯವರು ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದಲ್ಲಿ ತೆಗೆದ ಕಪ್ಪುಬಿಳುಪು ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಿದ್ದೇನೆ. ಧೂಳು ತೆಗೆಯುವ ಡಿಜಿಟಲ್ ಐಸ್ ಆಯ್ಕೆಯನ್ನು ಹಾಕಿದರೆ ಮುಖಗಳೇ ಕಲಸಿಹೋಗುತ್ತವೆ. ಕಲರ್ ನೆಗೆಟಿವ್‌ಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದಲ್ಲ?
— ಓದುಗರು, ಮುಂಬೈ

ಉತ್ತರ: ಈ ಸೌಲಭ್ಯ ಫಿಲ್ಮನ್ನು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಇನ್ನೊಮ್ಮೆ ನೋಡುತ್ತದೆ. ಕಲರ್ ನೆಗೆಟಿವ್‌ನ ವರ್ಣದ್ರವ್ಯಗಳು ಆ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ಹಾಯಲು ಬಿಡುತ್ತವೆ, ಧೂಳು ಮತ್ತು ಗೀರುಗಳು ತಡೆಯುತ್ತವೆ; ಹಾಗಾಗಿ ದೋಷಗಳ ನಕ್ಷೆ ಮಾತ್ರ ದೊರೆಯುತ್ತದೆ. ಕಪ್ಪುಬಿಳುಪು ನೆಗೆಟಿವ್‌ನಲ್ಲಿ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಿಂದ, ಮತ್ತು ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನೂ ತಡೆಯುತ್ತದೆ. ತಂತ್ರಾಂಶಕ್ಕೆ ನಿಮ್ಮ ತಂದೆಯವರ ಚಿತ್ರದ ವಿವರವೆಲ್ಲ ಧೂಳಿನಂತೆಯೇ ಕಾಣುವುದರಿಂದ ಅದನ್ನು ಅಳಿಸಲು ಹೋಗುತ್ತದೆ. ಆ ಆಯ್ಕೆಯನ್ನು ಹಾಕದೆ, ಧೂಳನ್ನು ಕೈಯಿಂದಲೇ ತೆಗೆಯಬೇಕು. ಇಲ್ಫೋರ್ಡ್ ಎಕ್ಸ್‌ಪಿ2ನಂತಹ, ಕಲರ್ ವಿಧಾನದಲ್ಲೇ ಡೆವಲಪ್ ಆಗುವ ಕಪ್ಪುಬಿಳುಪು ಫಿಲ್ಮುಗಳು ಮಾತ್ರ ಇದಕ್ಕೆ ಹೊರತು; ಅವುಗಳಲ್ಲಿ ಉಳಿಯುವುದು ಬೆಳ್ಳಿಯಲ್ಲ, ವರ್ಣದ್ರವ್ಯ.

ನಿಮಗೊಂದು ಅನುಕೂಲವೂ ಇದೆ. ಕ್ಲಿಕ್ ತ್ರೀ ಕ್ಯಾಮೆರಾ 120 ರೀಲಿನಲ್ಲಿ 6 × 6 ಸೆಂಟಿಮೀಟರಿನ ಹನ್ನೆರಡು ಚಿತ್ರಗಳನ್ನು ಕೊಡುತ್ತಿತ್ತು. ಅಷ್ಟು ದೊಡ್ಡ ನೆಗೆಟಿವನ್ನು 2400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೂ ಸುಮಾರು 28 ಮೆಗಾಪಿಕ್ಸೆಲ್ ಸಿಗುವುದರಿಂದ ಸಾಧಾರಣ ಫ್ಲಾಟ್‌ಬೆಡ್ ಸಾಕು. ಪಟ್ಟಿಯ ಅಂಚನ್ನು ಓದಿ ನೋಡಿ, ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮೂ ಅವುಗಳಲ್ಲಿರಬಹುದು. ಫಿಲ್ಮಿನ ಹೆಸರು ಸಿಕ್ಕರೆ ಫೈಲಿನ ವಿವರದಲ್ಲಿ ಬರೆದಿಡಿ, ಚಿತ್ರದ ಕಾಲವನ್ನು ಗುರುತಿಸಲು ಮುಂದೆ ಅದೇ ನೆರವಾಗುತ್ತದೆ. ಸ್ಕ್ಯಾನನ್ನು 16 ಬಿಟ್ ಗ್ರೇಸ್ಕೇಲಿನಲ್ಲಿ ಮಾಡಿ.

ಪ್ರಶ್ನೆ: ಸ್ಕ್ಯಾನರ್ ಕೊಳ್ಳದೆ, ನನ್ನಲ್ಲಿರುವ 24 ಮೆಗಾಪಿಕ್ಸೆಲ್ ಡಿಜಿಟಲ್ ಕ್ಯಾಮೆರಾದಿಂದಲೇ ನೆಗೆಟಿವ್‌ಗಳ ಫೋಟೊ ತೆಗೆದರೆ ಸಾಲದೇ?
— ಓದುಗರು, ಬೆಂಗಳೂರು

ಉತ್ತರ: ಸಾಕು, ಮತ್ತು ಸರಿಯಾಗಿ ಮಾಡಿದರೆ ಮನೆಬಳಕೆಯ ಫ್ಲಾಟ್‌ಬೆಡ್‌ಗಿಂತ ಉತ್ತಮ ಫಲಿತಾಂಶ ಬರುತ್ತದೆ. ನಿಮ್ಮದು ಪೂರ್ಣಗಾತ್ರದ ಸೆನ್ಸರ್ ಇರುವ ಕ್ಯಾಮೆರಾ ಆಗಿದ್ದು, ಮ್ಯಾಕ್ರೊ ಲೆನ್ಸ್‌ನಿಂದ 35 ಎಂ.ಎಂ. ಫ್ರೇಮನ್ನು ಅದರ ನಿಜಗಾತ್ರದಲ್ಲೇ ಸೆನ್ಸರಿನ ಮೇಲೆ ಬೀಳಿಸಿದರೆ 36 ಮಿಲಿಮೀಟರಿಗೆ 6000 ಪಿಕ್ಸೆಲ್, ಅಂದರೆ 4200 ಡಿಪಿಐಗೆ ಸಮನಾದ ಸ್ಕ್ಯಾನ್ ಸಿಗುತ್ತದೆ. ಒಂದು ಫ್ರೇಮಿಗೆ ಬೇಕಾಗುವ ಸಮಯವೂ ಕ್ಷಣಮಾತ್ರ. ಆದರೆ ಸ್ಕ್ಯಾನರ್ ತಾನಾಗಿ ನೋಡಿಕೊಳ್ಳುತ್ತಿದ್ದ ಮೂರು ಸಂಗತಿಗಳ ಹೊಣೆ ನಿಮ್ಮ ಮೇಲೆ ಬೀಳುತ್ತದೆ: ಬೆಳಕು, ಸಮತೆ, ಅಲುಗಾಟ.

ಬೆಳಕಿಗೆ ಬಣ್ಣಗಳನ್ನು ನಿಖರವಾಗಿ ತೋರಿಸುವ, ಆ ನಿಖರತೆಯ ಅಳತೆಯಾದ ಸಿಆರ್‌ಐ 95ಕ್ಕಿಂತ ಹೆಚ್ಚಿರುವ ಎಲ್‌ಇಡಿ ಲೈಟ್ ಪ್ಯಾನೆಲ್ ಬಳಸಿ. ಟ್ಯಾಬ್ಲೆಟ್ ಪರದೆಯನ್ನು ಬಳಸಲೇಬೇಕಾದರೆ ಫಿಲ್ಮು ಅದರಿಂದ ಕೆಲವು ಸೆಂಟಿಮೀಟರ್ ಮೇಲಿರಬೇಕು, ಇಲ್ಲವಾದರೆ ಪರದೆಯ ಪಿಕ್ಸೆಲ್‌ಗಳೂ ಚಿತ್ರದಲ್ಲಿ ಬರುತ್ತವೆ. ಬಣ್ಣದ ದೃಷ್ಟಿಯಿಂದ ಅದು ಎರಡನೆಯ ದರ್ಜೆಯ ಪರಿಹಾರವೇ. ಫ್ರೇಮಿನ ಸುತ್ತಲಿನ ಪ್ಯಾನೆಲನ್ನು ಕಪ್ಪು ಕಾಗದದಿಂದ ಮುಚ್ಚಿ, ಕೋಣೆಯ ದೀಪ ಆರಿಸಿ. ಸುತ್ತಲಿಂದ ಲೆನ್ಸಿಗೆ ನುಗ್ಗುವ ಬೆಳಕು ಚಿತ್ರದ ಕಾಂಟ್ರಾಸ್ಟನ್ನು ಸದ್ದಿಲ್ಲದೆ ಕೊಲ್ಲುತ್ತದೆ.

ಕ್ಯಾಮೆರಾ ಫಿಲ್ಮಿಗೆ ಪೂರ್ತಿ ಸಮಾನಾಂತರವಾಗಿರಬೇಕು. ಇದಕ್ಕೆ ಒಂದು ಚಿಕ್ಕ ಕನ್ನಡಿ ಸಾಕು. ಫಿಲ್ಮ್ ಇಡುವ ಜಾಗದಲ್ಲಿ ಕನ್ನಡಿಯನ್ನಿಟ್ಟು ಕ್ಯಾಮೆರಾ ಪರದೆಯಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಕ್ಯಾಮೆರಾ ನೇರವಾಗಿದೆ ಎಂದರ್ಥ. ಅಪರ್ಚರನ್ನು ಎಫ್/5.6 ಮತ್ತು ಎಫ್/8ರ ನಡುವೆ ಇಡಿ. ಇಷ್ಟು ಹತ್ತಿರದಿಂದ ತೆಗೆಯುವಾಗ ಎಫ್/8 ನಿಜದಲ್ಲಿ ಎಫ್/16ರಂತೆ ವರ್ತಿಸುವುದರಿಂದ ಇನ್ನೂ ಕಿರಿದಾಗಿಸಿದರೆ ಸ್ಪಷ್ಟತೆ ಕುಗ್ಗುತ್ತದೆ. ಐಎಸ್‌ಒ 100, ರಾ ಫೈಲು, ಎರಡು ಸೆಕೆಂಡಿನ ಟೈಮರ್. ಫೋಕಸನ್ನು ಪರದೆಯಲ್ಲಿ ಹಿಗ್ಗಿಸಿ, ಫಿಲ್ಮಿನ ಕಣಗಳು ಕಾಣುವಂತೆ ಕೈಯಿಂದ ಹೊಂದಿಸಿ. ಎಕ್ಸ್‌ಪೋಷರ್ ಎಷ್ಟಿರಬೇಕೆಂದರೆ, ಖಾಲಿ ಕಿತ್ತಳೆ ಭಾಗದ ಕೆಂಪು ಚಾನೆಲ್ ಹಿಸ್ಟೋಗ್ರಾಮಿನ ಬಲತುದಿಯನ್ನು ತಲುಪುವ ಸ್ವಲ್ಪ ಮೊದಲು ನಿಲ್ಲಬೇಕು. ಅದನ್ನೇ ಇಡೀ ರೀಲಿಗೆ ಇಟ್ಟುಕೊಳ್ಳಿ. ಕೊನೆಯಲ್ಲಿ ಫಿಲ್ಮಿಲ್ಲದೆ ಬರಿಯ ಬೆಳಕಿನ ಒಂದು ಚಿತ್ರ ತೆಗೆದಿಟ್ಟರೆ ಮೂಲೆಗಳ ಕತ್ತಲೆಯನ್ನು ಆಮೇಲೆ ಸರಿಪಡಿಸಬಹುದು. ಇನ್‌ಫ್ರಾರೆಡ್ ನೆರವು ಈ ವಿಧಾನದಲ್ಲಿ ಇಲ್ಲ, ಆದ್ದರಿಂದ ಧೂಳಿನ ಬಗ್ಗೆ ಉಡುಪಿಯ ಓದುಗರಿಗೆ ಹೇಳಿದ್ದು ನಿಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಪ್ರಶ್ನೆ: ಟ್ರಂಕಿನಲ್ಲಿದ್ದ ಹಳೆಯ ನೆಗೆಟಿವ್‌ಗಳು ವಿನೆಗರಿನಂತೆ ಹುಳಿ ವಾಸನೆ ಬೀರುತ್ತಿವೆ. ಸ್ಕ್ಯಾನ್ ಮಾಡಿದ ಮೇಲೆ ಇವನ್ನೆಲ್ಲ ಎಸೆಯಬಹುದೇ?
— ಓದುಗರು, ಶಿರಸಿ

ಉತ್ತರ: ಆ ವಾಸನೆ ಅಸಿಟಿಕ್ ಆಮ್ಲದ್ದು. ಅಸಿಟೇಟ್ ತಳದ ಫಿಲ್ಮು ಶಾಖ ಮತ್ತು ತೇವದಲ್ಲಿ ಒಡೆಯತೊಡಗಿದಾಗ ಈ ಆಮ್ಲ ಹೊರಬರುತ್ತದೆ, ಹೊರಬಂದ ಆಮ್ಲ ಒಡೆಯುವಿಕೆಯನ್ನು ಇನ್ನಷ್ಟು ವೇಗಗೊಳಿಸುತ್ತದೆ. ಹಿಂದಿನ ಸ್ಥಿತಿಗೆ ತರಲು ಸಾಧ್ಯವಿಲ್ಲ. ಫಿಲ್ಮು ಕುಗ್ಗಿ ಸುಕ್ಕುಗಟ್ಟಿದ ಮೇಲೆ ಹೋಲ್ಡರಿನಲ್ಲಿ ಕೂರುವುದೂ ಇಲ್ಲವಾದ್ದರಿಂದ ಎಲ್ಲಕ್ಕಿಂತ ಮೊದಲು ಇವನ್ನೇ ಸ್ಕ್ಯಾನ್ ಮಾಡಿ. ವಾಸನೆಯಿಲ್ಲದ ನೆಗೆಟಿವ್‌ಗಳಿಂದ ಇಂದೇ ಬೇರೆಯಿಡಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ತಂಪಾದ, ಒಣಗಿದ ಜಾಗ ಒಡೆಯುವಿಕೆಯನ್ನು ನಿಧಾನಗೊಳಿಸುತ್ತದೆ. 1950ರ ದಶಕದ ಆರಂಭಕ್ಕಿಂತ ಹಿಂದಿನ, ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಪದವಿಲ್ಲದ ಫಿಲ್ಮು ಸಿಕ್ಕರೆ ಅದು ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಆಗಿರಬಹುದು. ಅದನ್ನು ಬಿಸಿಲು, ಬೆಂಕಿ ಮತ್ತು ಬಿಸಿಯಾಗುವ ದೀಪದಿಂದ ದೂರವಿಟ್ಟು, ಸಂಗ್ರಹಾಲಯದಲ್ಲಿ ಕೆಲಸ ಮಾಡಿ ಬಲ್ಲವರಿಗೆ ತೋರಿಸಿ.

ಎಸೆಯುವ ಮಾತಿಗೆ ನನ್ನ ಉತ್ತರ ಸ್ಪಷ್ಟವಾಗಿ ಬೇಡ ಎಂಬುದೇ. ಒಂದು ಡಿಸ್ಕ್ ಕೆಟ್ಟರೆ ಸ್ಕ್ಯಾನ್‌ಗಳೆಲ್ಲ ಒಂದೇ ಗಳಿಗೆಯಲ್ಲಿ ಹೋಗಬಹುದು. ಇನ್ನು ಹತ್ತು ವರ್ಷಕ್ಕೆ ಇಂದಿಗಿಂತ ಒಳ್ಳೆಯ ಸಾಧನ ಬಂದಾಗ ಮತ್ತೆ ಸ್ಕ್ಯಾನ್ ಮಾಡಲು ಮೂಲ ಬೇಕು. ಪ್ರತಿ ಚಿತ್ರದ 16 ಬಿಟ್ ಟಿಫ್ ಫೈಲನ್ನು ತಿದ್ದದೆ ಮೂಲಪ್ರತಿಯಾಗಿ ಉಳಿಸಿ, ಮನೆಯವರಿಗೆ ಕಳುಹಿಸಲು ಅದರಿಂದ ಜೆಪೆಗ್ ಮಾಡಿಕೊಳ್ಳಿ. ಮೂಲಪ್ರತಿಗಳು ಎರಡು ಬೇರೆ ಡಿಸ್ಕ್‌ಗಳಲ್ಲಿರಲಿ, ಇನ್ನೊಂದು ಪ್ರತಿ ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ನೆಗೆಟಿವ್‌ಗಳನ್ನು ಪಾಲಿಪ್ರೊಪಿಲೀನ್ ಅಥವಾ ಆಮ್ಲರಹಿತ ಕಾಗದದ ಕವರುಗಳಲ್ಲಿಡಿ. ಪಿವಿಸಿ ಕವರು, ರಬ್ಬರ್ ಬ್ಯಾಂಡು, ಅಂಟುಪಟ್ಟಿಗಳನ್ನು ದೂರವಿಡಿ. ಕವರಿನ ಮೇಲೆ, ನೆಗೆಟಿವ್ ಒಳಗೆ ಹಾಕುವ ಮೊದಲೇ, ಪೆನ್ಸಿಲಿನಿಂದ ಒಂದು ಸಂಖ್ಯೆ ಬರೆದು ಅದೇ ಸಂಖ್ಯೆಯನ್ನು ಫೈಲಿನ ಹೆಸರಿಗೂ ಕೊಡಿ. ಚಿತ್ರದಲ್ಲಿ ಯಾರಿದ್ದಾರೆ, ಯಾವ ಊರು, ಯಾವ ಸಂದರ್ಭ ಎಂಬುದನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೈಲಿನ ವಿವರದ ಜಾಗದಲ್ಲಿ ಅವರು ಹೇಳಿದ್ದನ್ನು ಈಗಲೇ ತುಂಬಿಸಿ.